ಕ್ರಾಸ್‌ಓವರ್ ಪೆಟ್ಟಿಗೆಯಿಂದ ಹೊರಗೆ

ನಾನು ಕಟ್ಟಿದ ಸ್ಪೀಕರಿನಲ್ಲಿ ಕೆಳ ಸ್ವರಗಳಿಗೆ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಒಂದಿಂಚಿನ ಸಿಲ್ಕ್ ಡೋಮ್ ಟ್ವೀಟರ್, ಎರಡೂ 8 ಓಮ್. ಸಿಗ್ನಲ್ಲನ್ನು ಇವೆರಡಕ್ಕೂ ಹಂಚುವ ಸರ್ಕ್ಯೂಟೇ ಕ್ರಾಸ್‌ಓವರ್. ಹಂಚುವ ಗಡಿ 2500 ಹರ್ಟ್ಜ್ ಎಂದು ಎರಡನೇ ದರ್ಜೆಯ (ಪ್ರತಿ ಕಡೆ ಒಂದು ಕಾಯಿಲ್, ಒಂದು ಕೆಪಾಸಿಟರ್) ಲಿಂಕ್‌ವಿಟ್ಜ್-ರೈಲಿ ಸೂತ್ರದಲ್ಲಿ ಲೆಕ್ಕ ಹಾಕಿದರೆ ಎರಡೂ ಕಡೆ 1 ಮಿಲಿಹೆನ್ರಿ ಕಾಯಿಲ್, 4 ಮೈಕ್ರೋಫ್ಯಾರಡ್ ಕೆಪಾಸಿಟರ್ ಬರುತ್ತದೆ. ಈ ಲೆಕ್ಕ ಶುರುವಿಗಷ್ಟೇ. ಸೂತ್ರಕ್ಕೆ ವೂಫರ್ ಅಂದರೆ 8 ಓಮಿನ ರೆಸಿಸ್ಟರ್. ಕೋನನ್ನು ಅಲುಗಿಸುವ ನಿಜವಾದ ವಾಯ್ಸ್ ಕಾಯಿಲ್‌ನ ಇಂಪಿಡೆನ್ಸ್, ಅಂದರೆ ಸಿಗ್ನಲ್ಲಿಗೆ ಅದು ಒಡ್ಡುವ ತಡೆ, ಫ್ರೀಕ್ವೆನ್ಸಿ ಏರಿದಂತೆ ತಾನೂ ಏರುತ್ತದೆ. ಹಾಗಾಗಿ ಭಾಗಗಳನ್ನು ಬದಲಿಸುತ್ತ ಹೋಗಬೇಕು. ಕ್ರಾಸ್‌ಓವರ್ ಪೆಟ್ಟಿಗೆಯೊಳಗಿದ್ದು, ಪ್ರತಿ ಬದಲಾವಣೆಗೂ ವೂಫರ್ ಬಿಚ್ಚುತ್ತ ಹೋದರೆ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಸ್ಕ್ರೂ ಹಿಡಿಯುವುದೇ ಇಲ್ಲ. ಅದಕ್ಕೇ ಕ್ರಾಸ್‌ಓವರನ್ನು ಹೊರಗೆ, ಹಲಗೆಯ ಮೇಲೆ ಕಟ್ಟಿದೆ.

ಕಾಯಿಲ್ 18 ಗೇಜ್ ತಾಮ್ರದ ಏರ್ ಕೋರ್ (ನಡುವೆ ಕಬ್ಬಿಣವಿಲ್ಲದ್ದು). ಒಂದನ್ನು ಮಲಗಿಸಿ, ಇನ್ನೊಂದನ್ನು ನಿಲ್ಲಿಸಿ, ನಡುವೆ ಗೇಣಗಲ ಬಿಟ್ಟೆ. ಅಕ್ಕಪಕ್ಕ ಮಲಗಿಸಿದರೆ ವೂಫರಿನ ಸಿಗ್ನಲ್ ಟ್ವೀಟರಿನ ಕಡೆಗೆ ನುಸುಳುತ್ತದೆ. ಕೆಪಾಸಿಟರಿಗೆ ದುಬಾರಿ ಆಡಿಯೋ ಮಾಲು ಬೇಕಿಲ್ಲ. ಸೀಲಿಂಗ್ ಫ್ಯಾನಿನ 4 ಮೈಕ್ರೋಫ್ಯಾರಡ್, 440 ವೋಲ್ಟಿನದೂ ಅದೇ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದೇ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ನಾಲ್ಕು ಬೇಕಿದ್ದರೆ ಎಂಟು ತಂದು, ಮೀಟರಿನಲ್ಲಿ ಅಳೆದು ಜೋಡಿ ಮಾಡಿ. ಫ್ಯಾನಿನಿಂದ ಕಿತ್ತದ್ದು ಬೇಡ, ಬಳಸಿದ ಹಾಗೆ ಅದರ ಮೌಲ್ಯ ಇಳಿದಿರುತ್ತದೆ.

ಟ್ವೀಟರ್ ವೂಫರಿಗಿಂತ ನಾಲ್ಕು ಡಿಬಿಗೂ (ಡೆಸಿಬೆಲ್) ತುಸು ಹೆಚ್ಚು ಜೋರಾಗಿತ್ತು. ಸರಣಿಯಲ್ಲಿ 3.3 ಓಮ್, ಟ್ವೀಟರಿಗೆ ಅಡ್ಡಲಾಗಿ 12 ಓಮ್, ಎರಡೂ 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್: 4.5 ಡಿಬಿ ಇಳಿಯಿತು, ಕ್ರಾಸ್‌ಓವರಿಗೆ ಕಾಣುವ ಲೋಡ್ 8 ಓಮೇ ಉಳಿಯಿತು.

ಪೆಟ್ಟಿಗೆಯ ಹಿಂದೆ ನಾಲ್ಕು ಪಿನ್ನಿನ ಸ್ಪೀಕಾನ್ ಕನೆಕ್ಟರ್ ಹಾಕಿ, ವೂಫರಿಗೆ ಎರಡು ಪಿನ್, ಟ್ವೀಟರಿಗೆ ಎರಡು. ಮಾಮೂಲಿ ಟರ್ಮಿನಲ್ ಇದ್ದರೆ ಒಂದಲ್ಲ ಒಂದು ದಿನ ಆಂಪ್ಲಿಫೈಯರಿನ ತಂತಿ ನೇರ ಟ್ವೀಟರಿಗೆ ಹೋಗುತ್ತದೆ, ಅದು ಸುಡುತ್ತದೆ.

ಈ ದರ್ಜೆಯಲ್ಲಿ ಟ್ವೀಟರಿನ ಪ್ಲಸ್ ಮೈನಸ್ ತಿರುವುಮುರುವಾಗಿರಬೇಕು. ಸರಿಯಾಗಿದೆಯೇ ಎಂದು ನೋಡಲು 2500 ಹರ್ಟ್ಜ್ ಟೋನ್ ಹಾಕಿ, ಒಂದು ಮೀಟರ್ ದೂರದಲ್ಲಿ ಟ್ವೀಟರಿನ ಎತ್ತರಕ್ಕೆ ಮೈಕ್ ಇಟ್ಟು, ಬೇಕೆಂದೇ ಪ್ಲಸ್ಸಿಗೆ ಪ್ಲಸ್ ಕೊಡಿ. ಎರಡರ ಅಲೆಗಳೂ ಒಂದನ್ನೊಂದು ಅಳಿಸಿ ಸದ್ದು ದಡಕ್ಕನೆ ಕುಸಿಯಬೇಕು. ನನಗೆ ಮೊದಲ ಸಲ 6 ಡಿಬಿಯಷ್ಟೇ ಕುಸಿಯಿತು: ವೂಫರ್ ಇಳಿಯಬೇಕಾದ ಕಡೆ ಇಳಿದಿರಲಿಲ್ಲ. ಅದರ ವಾಯ್ಸ್ ಕಾಯಿಲ್‌ನ ಡಿಸಿ ರೆಸಿಸ್ಟೆನ್ಸ್ 6 ಓಮ್, ಇಂಡಕ್ಟೆನ್ಸ್ 0.5 ಮಿಲಿಹೆನ್ರಿ ಇದ್ದದ್ದರಿಂದ 7.5 ಓಮ್ ಮತ್ತು 9 ಮೈಕ್ರೋಫ್ಯಾರಡ್ ಸರಣಿಯಲ್ಲಿ ಸೇರಿಸಿ ವೂಫರಿಗೆ ಅಡ್ಡ ಕೊಟ್ಟೆ, ಏರುವ ಇಂಪಿಡೆನ್ಸನ್ನು ಸಮ ಮಾಡುವ ಈ ಜೋಡಿಯೇ ಜೋಬೆಲ್. ಕುಸಿತ 18 ಡಿಬಿಗೆ ಹೋಯಿತು.

ಆಮೇಲೂ ಹಾಡುಗಾರರ ದನಿ ತೆಳು. ಮುಂಭಾಗದ ಅಗಲ 22 ಸೆಂಟಿಮೀಟರ್; ಸುಮಾರು 520 ಹರ್ಟ್ಜ್‌ಗಿಂತ ಕೆಳಗೆ ಸದ್ದು ಪೆಟ್ಟಿಗೆಯನ್ನು ಸುತ್ತಿಕೊಂಡು ಹಿಂದಕ್ಕೆ ಹರಿದು ಹೋಗುತ್ತದೆ. ಅದಕ್ಕೆ ಸರಿದೂಗುವಂತೆ ಮೇಲಿನ ಸದ್ದನ್ನು ತಗ್ಗಿಸಲು ವೂಫರಿನ ಕಾಯಿಲನ್ನು 1.5 ಮಿಲಿಹೆನ್ರಿಗೆ ಏರಿಸಿದ ಮೇಲೆ ದನಿಗೆ ಮೈ ಬಂತು. ಆದರೆ ಫೇಸ್ (ಎರಡರ ಅಲೆಗಳ ಹೊಂದಾಣಿಕೆ) ಸರಿದು ಕುಸಿತ ಮತ್ತೆ ಕಡಿಮೆಯಾಯಿತು, ಟೋನ್ ಪರೀಕ್ಷೆ ಮೊದಲಿನಿಂದ. ಎರಡು ವಾರದಲ್ಲಿ ಹಲಗೆಯ ಮೇಲೆ ಹನ್ನೊಂದು ಸಲ ಬೆಸುಗೆ ಬಿಚ್ಚಿದೆ, ವೂಫರಿನ ಸ್ಕ್ರೂ ಒಂದನ್ನೂ ಮುಟ್ಟಲಿಲ್ಲ.