ಹಸಿರು ಗೂಡು ತೋರಿಸಿಕೊಟ್ಟ ನುಸಿಯ ಮೂಲ

ಬೀರುವಿನ ಬಾಗಿಲು ತೆಗೆದಾಗ ಹಾರುವ ಸಣ್ಣ ಬೂದು ಪತಂಗವನ್ನು ಅಟ್ಟಿಸಿಕೊಂಡು ಹೋಗಿ ಹೊಡೆದ ಮಾತ್ರಕ್ಕೆ ನುಸಿಯ ಕಾಟ ತಪ್ಪುವುದಿಲ್ಲ. ರೆಕ್ಕೆ ಬಂದ ಮೇಲೆ ಅದು ಬಟ್ಟೆಯನ್ನು ತಿನ್ನುವುದೇ ಇಲ್ಲ. ತಿನ್ನುವುದೆಲ್ಲ ಅದರ ಮರಿಹುಳು. ಅದೂ ಕತ್ತಲಲ್ಲಿ, ಯಾರೂ ಮುಟ್ಟದ ಮಡಿಕೆಗಳ ಒಳಗೆ.

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮಳೆಗಾಲ ಕಳೆದು ಟ್ರಂಕು ತೆರೆದಾಗ ಅಜ್ಜನ ಕಾಲದ ಕರಿ ಕಂಬಳಿಯ ಮಡಿಕೆಯುದ್ದಕ್ಕೂ ತೂತು ಬಿದ್ದಿತ್ತು. ಕೆಂಪು ಉಣ್ಣೆಯ ಶಾಲಿನ ಅಂಚೂ ಹೋಗಿತ್ತು. ಪಕ್ಕದಲ್ಲೇ ಇದ್ದ ಹತ್ತಿಯ ಜಮಖಾನಕ್ಕೆ ಏನೂ ಆಗಿರಲಿಲ್ಲ. ಉಣ್ಣೆಯನ್ನಷ್ಟೇ ಆರಿಸಿ ತಿಂದಿದ್ದರಿಂದ ಇದು ನುಸಿಯದೇ ಕೆಲಸ ಎಂದು ತಿಳಿಯಿತು. ಗಂಜಿ ಹಾಕಿದ ಹತ್ತಿ ಬಟ್ಟೆಯನ್ನು ಕೆರೆದು ತಿನ್ನುವ ಬೆಳ್ಳಿ ಬಣ್ಣದ ಹುಳುವೇ ಬೇರೆ.

ಕಂಬಳಿಗೆ ಅಂಟಿಕೊಂಡಿದ್ದ ಅಕ್ಕಿಕಾಳಿನ ಗಾತ್ರದ ಗೂಡೊಂದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದೆ. ಎರಡೂ ತುದಿ ತೆರೆದ ಸಣ್ಣ ಕೊಳವೆ. ಸ್ವಲ್ಪ ಹೊತ್ತಿಗೆ ಒಂದು ತುದಿಯಿಂದ ಕಂದು ತಲೆ ಇಣುಕಿತು. ಹುಳು ಗೂಡನ್ನು ಎಳೆದುಕೊಂಡೇ ಹರಿಯತೊಡಗಿತು. ಈ ಜಾತಿಯ ನುಸಿ ತಾನು ತಿನ್ನುವ ಬಟ್ಟೆಯ ಎಳೆಗಳನ್ನೇ ಸೇರಿಸಿ ಗೂಡು ಹೆಣೆಯುತ್ತದೆ. ಹಾಗಾಗಿ ಕಂಬಳಿ ತಿಂದದ್ದರ ಗೂಡು ಕಪ್ಪು, ಶಾಲು ತಿಂದದ್ದರದು ಕೆಂಪು. ಆದರೆ ಗೋಡೆಯ ಮೇಲೆ ಸಿಕ್ಕ ಕೆಲವು ಗೂಡುಗಳಲ್ಲಿ ಹಸಿರು ಎಳೆಗಳಿದ್ದವು. ಟ್ರಂಕಿನಲ್ಲಾಗಲಿ ಬೀರುವಿನಲ್ಲಾಗಲಿ ಹಸಿರು ಉಣ್ಣೆಯ ಬಟ್ಟೆ ಒಂದೂ ಇರಲಿಲ್ಲ.

ಮನೆಯೆಲ್ಲ ಜಾಲಾಡಿದ ಮೇಲೆ ಮಂಚದ ಕೆಳಗಿದ್ದ ಹಾರ್ಮೋನಿಯಂ ನೆನಪಾಯಿತು. ಅತ್ತೆಯವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಮೇಲಿನ ಹಲಗೆ ಬಿಚ್ಚಿದರೆ ಕೀಲಿಗಳ ಅಡಿಯ ಹಸಿರು ಫೆಲ್ಟು ಜರಡಿಯಾಗಿತ್ತು. ಫೆಲ್ಟು ಎಂದರೆ ಒತ್ತಿ ಮಾಡಿದ ಉಣ್ಣೆಯೇ ತಾನೆ! ರಿಪೇರಿ ಮಾಡುವವರಿಗೆ ಕೊಟ್ಟು ಅದನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸಿದೆ.

ಶಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೊರದೂಡಿ, ಬಾಯಿ ಬಿಗಿದು ಫ್ರೀಜರಿನಲ್ಲಿಟ್ಟೆ. ಮೈನಸ್ 18 ಡಿಗ್ರಿಯಲ್ಲಿ 2 ವಾರ ಇದ್ದರೆ ಮೊಟ್ಟೆಯೂ ಉಳಿಯುವುದಿಲ್ಲ. ಹೊರತೆಗೆದ ಕೂಡಲೇ ಚೀಲ ಬಿಚ್ಚಬಾರದು, ಬಟ್ಟೆಗೆ ನೀರು ಕೂರುತ್ತದೆ. ತಣುಪು ಪೂರ್ತಿ ಇಳಿಯುವವರೆಗೆ ಕಾಯಬೇಕು. ಫ್ರೀಜರಿನಲ್ಲಿ ಹಿಡಿಸದ ಕಂಬಳಿಯನ್ನು ಸುಡುಬಿಸಿಲಿಗೆ ಹರಡಿ, ಮಗುಚಿ ಹಾಕುತ್ತ, ಗಡುಸು ಬ್ರಷ್ಷಿನಿಂದ ಮಡಿಕೆಯ ಗುರುತುಗಳನ್ನೆಲ್ಲ ಉಜ್ಜಿದೆ. ಬೆಳಕು ಕಂಡರಾಗದ ಹುಳುಗಳು ಉದುರಿ ಬಿದ್ದವು. ರೇಷ್ಮೆ ಸೀರೆಗಳನ್ನೂ ನುಸಿ ಬಿಡುವುದಿಲ್ಲ, ಬೆವರು ಅಥವಾ ಎಣ್ಣೆಯ ಕಲೆಯಿದ್ದರಂತೂ ಅಲ್ಲಿಗೇ ಬಾಯಿ ಹಾಕುತ್ತದೆ. ಅವನ್ನು ಬಿಸಿಲಿಗೆ ಹಾಕದೆ ನೆರಳಲ್ಲೇ ಗಾಳಿಯಾಡಿಸಿದೆ.

ಹೆಚ್ಚು ಹೊತ್ತು ಹಿಡಿದದ್ದು ಶುಚಿ ಮಾಡುವ ಕೆಲಸವೇ. ಬೀರುವಿನ ಸಂದಿ, ಮಂಚದ ಕಾಲಿನ ಮೂಲೆಗಳಲ್ಲಿ ಸೇರಿಕೊಂಡ ಕೂದಲು, ಉಣ್ಣೆಯ ಜುಂಗು ಸಹ ನುಸಿಗೆ ಊಟ. ಅದನ್ನೆಲ್ಲ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಆ ಕಸವನ್ನು ಆಗಲೇ ಮನೆಯಿಂದಾಚೆ ಹಾಕಿದೆ.

ಮಗಳು ಬಾಣಂತನಕ್ಕೆ ಬರುವವಳಿದ್ದುದರಿಂದ ನುಸಿಗುಳಿಗೆ ಒಂದನ್ನೂ ಇಡಲಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಹುದು. ಮಗುವಿನ ಬಟ್ಟೆ ಇಡುವ ಕಡೆ ಅದು ಸುಳಿಯಲೇಬಾರದು. ಬದಲಿಗೆ ಬಜೆ ಬೇರನ್ನು ಜಜ್ಜಿ ತೆಳು ಬಟ್ಟೆಯಲ್ಲಿ ಕಟ್ಟಿಟ್ಟಿದ್ದೇನೆ. ಅದನ್ನೇ ನಂಬಿ ಕೂರದೆ ಆಗಾಗ ಟ್ರಂಕು ತೆಗೆದು ಎಲ್ಲವನ್ನೂ ಬಿಡಿಸಿ ಕೊಡವಿ ಬೇರೆ ಮಡಿಕೆಯಲ್ಲಿ ಮಡಿಸುತ್ತೇನೆ.

ಗೋಡೆಯಲ್ಲಿ ಗೂಡು ಕಂಡರೆ ಈಗಲೂ ಮೊದಲು ನೋಡುವುದು ಬಣ್ಣವನ್ನು. ಚಪ್ಪಟೆಯಾಗಿ, ಮರಳು ಧೂಳು ಮೆತ್ತಿಕೊಂಡಿದ್ದರೆ ಅದು ಮುಖ್ಯವಾಗಿ ಜೇಡರ ಬಲೆ ತಿಂದು ಬದುಕುವ ಬೇರೆ ಜಾತಿ. ಬಲೆಯನ್ನು ಗುಡಿಸಿದರೆ ಕಡಿಮೆಯಾಗುತ್ತದೆ. ಬಣ್ಣದ ಎಳೆ ಕಂಡಿತೋ, ಆ ಬಣ್ಣದ ಉಣ್ಣೆ ಮನೆಯಲ್ಲಿ ಎಲ್ಲೆಲ್ಲಿದೆ ಎಂದು ಅಂದೇ ಹುಡುಕುತ್ತೇನೆ.