ಎಂಬಿಬಿಎಸ್ ಸೀಟಿಗೆ ನೀಟ್‌ನಲ್ಲಿ ಎಷ್ಟು ಬೇಕು? ಲೆಕ್ಕ ಹಾಕುವ ಬಗೆ

‘ಮಗಗ 480 ಬಂದಾವ್ರಿ, ಜಿಮ್ಸ್‌ದಾಗ ಸೀಟ್ ಸಿಗ್ತದೇನ್ರಿ?’ ನೀಟ್ ಫಲಿತಾಂಶ ಬಂದ ವಾರ ಕಲಬುರಗಿ, ಬೀದರ್, ಯಾದಗಿರಿಯ ಪಿಯು ಕಾಲೇಜುಗಳ ಮುಂದೆ ಕೇಳಿಬರುವ ಪ್ರಶ್ನೆ ಇದು. ಜಿಮ್ಸ್ ಎಂದರೆ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು. ಬರೀ ಅಂಕ ಹೇಳಿದರೆ ಉತ್ತರ ಸಿಗದು. ಆ ವರ್ಷದ ರ‍್ಯಾಂಕ್, ಪ್ರವರ್ಗ, 371(ಜೆ) ಅರ್ಹತೆ (ಸಂವಿಧಾನದ ಈ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿ) ಮೂರೂ ಗೊತ್ತಿರಬೇಕು.

ಮೊದಲು ಅಂಕದ ಲೆಕ್ಕ. 180 ಪ್ರಶ್ನೆ, 720 ಅಂಕ. ಸರಿಗೆ 4, ತಪ್ಪಿಗೆ 1 ಕಡಿತ. 140 ಸರಿ, 40 ತಪ್ಪಾದರೆ 520. 120 ಸರಿ, 20 ತಪ್ಪು, 40 ಬಿಟ್ಟರೆ 460. ಅರ್ಧದಷ್ಟು ಅಂಕ, ಅಂದರೆ 360, ಜೀವಶಾಸ್ತ್ರದ್ದು. ಇಬ್ಬರ ಅಂಕ ಸಮನಾದಾಗ ಮೊದಲು ನೋಡುವುದೂ ಅದನ್ನೇ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಲು ಬಂದರೆ ಉತ್ತರ ಗುರುತಿಸುವುದೇ ಲಾಭ. ಸರಾಸರಿ ಒಂದೂವರೆ ಅಂಕ ಕೈಗೆ ಬರುತ್ತದೆ.

ಅಂಕವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಬೇಡಿ. 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿಗೆ 720ಕ್ಕೆ 720 ಬಂದಿತ್ತು. 2025ರಲ್ಲಿ ಪತ್ರಿಕೆ ಕಠಿಣವಾಗಿ ಮೊದಲ ರ‍್ಯಾಂಕಿಗೇ 686. ಸಾಮಾನ್ಯ ವರ್ಗದ ಅರ್ಹತಾ ಅಂಕವೂ 162ರಿಂದ 144ಕ್ಕೆ ಇಳಿಯಿತು. ಅಣ್ಣ 2024ರಲ್ಲಿ 600 ತೆಗೆದಿದ್ದ ಎಂದು 2025ರಲ್ಲಿ 540 ಪಡೆದ ತಂಗಿಯನ್ನು ಬೈಯುವುದರಲ್ಲಿ ಅರ್ಥವಿಲ್ಲ. ರ‍್ಯಾಂಕಿನಲ್ಲಿ ಅವಳೇ ಮುಂದಿರಬಹುದು. 144 ಬಂದರೆ ಅರ್ಹತೆ ಅಷ್ಟೇ, ಸರ್ಕಾರಿ ಸೀಟಿಗೂ ಅದಕ್ಕೂ ಬಹಳ ದೂರ.

ಇನ್ನು ರಾಜ್ಯದ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಜಾಲತಾಣದಲ್ಲಿ ಹಿಂದಿನ ಎರಡು-ಮೂರು ವರ್ಷಗಳ ವೈದ್ಯಕೀಯ ಕಟಾಫ್ ಪಟ್ಟಿ, ಅಂದರೆ ಪ್ರತಿ ಕಾಲೇಜಿನಲ್ಲಿ ಸೀಟು ಸಿಕ್ಕ ಕೊನೆಯ ರ‍್ಯಾಂಕಿನ ಪಟ್ಟಿ, ತೆಗೆಯಿರಿ. ಸೀಟು ಹಂಚಿಕೆಯ ಕೊನೆಯ ಸುತ್ತಿನದೂ ಇರಲಿ. ಮೊದಲ ಸುತ್ತಿನದೊಂದನ್ನೇ ನೋಡಿ ಎದೆಗುಂದುವವರು ಬಹಳ. ಪಟ್ಟಿಯಲ್ಲಿ ನಿಮ್ಮ ಪ್ರವರ್ಗದ ಕಾಲಂಗಳಲ್ಲಿ ‘ಎಚ್’ ಅಕ್ಷರ ಸೇರಿದ್ದು ಯಾವುದು ಎಂದು ಹುಡುಕಿ. ಅದು ಕಲ್ಯಾಣ ಕರ್ನಾಟಕದ ಕೋಟಾ. ‘ಆರ್’ ಗ್ರಾಮೀಣ, ‘ಕೆ’ ಕನ್ನಡ ಮಾಧ್ಯಮ. 371(ಜೆ) ಪ್ರಕಾರ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ಈ ಭಾಗದ ಸರ್ಕಾರಿ ಕಾಲೇಜುಗಳ ರಾಜ್ಯ ಕೋಟಾದಲ್ಲಿ 70% ಸೀಟು ಸ್ಥಳೀಯರಿಗೆ. ಬೆಂಗಳೂರು, ಮೈಸೂರಿನಂಥ ಹೊರಗಿನ ಸರ್ಕಾರಿ ಕಾಲೇಜುಗಳಲ್ಲಿ 8%. ಹಾಗಾಗಿ ಬೆಂಗಳೂರಿನ ‘ಎಚ್’ ಕಟಾಫನ್ನೂ ಯಾದಗಿರಿಯದನ್ನೂ ಒಂದೇ ಎಂದುಕೊಳ್ಳಬೇಡಿ. ನಿಮ್ಮ ರ‍್ಯಾಂಕ್ ಸಂಖ್ಯೆ ಆ ಎರಡು-ಮೂರು ವರ್ಷವೂ ಪಟ್ಟಿಯ ಕೊನೆಯ ರ‍್ಯಾಂಕಿಗಿಂತ ಕಡಿಮೆ ಇದ್ದರೆ ಸ್ಪರ್ಧೆಯಲ್ಲಿ ಗಟ್ಟಿಯಾಗಿದ್ದೀರಿ. ಒಂದು ವರ್ಷ ಒಳಗೆ, ಒಂದು ವರ್ಷ ಹೊರಗೆ ಎಂದರೆ ಕೊನೆಯ ಸುತ್ತಿನವರೆಗೂ ಕಾಯಬೇಕಾದೀತು.

ಎಡವುವುದು ಕಾಗದಪತ್ರಗಳಲ್ಲೇ. 371(ಜೆ) ಅರ್ಹತಾ ಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು: ಕಲಬುರಗಿ, ಸೇಡಂ, ಬೀದರ್, ಬಸವಕಲ್ಯಾಣ, ಯಾದಗಿರಿ. ತಂದೆ-ತಾಯಿಯ ಹಳೆಯ ದಾಖಲೆ ಹುಡುಕುವುದರಲ್ಲೇ ದಿನಗಳು ಕಳೆಯುತ್ತವೆ. ಪರೀಕ್ಷೆಗೆ ಮೊದಲೇ ಮಾಡಿಸಿಡಿ. ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಅರ್ಜಿಯಲ್ಲಿರುವುದಕ್ಕೆ ಅಕ್ಷರ ತಪ್ಪದೆ ಹೊಂದಬೇಕು. ಬೀದರ್ ಕಡೆಯ ಮಕ್ಕಳು ಕೋಚಿಂಗ್‌ಗೆಂದು ಲಾತೂರಿಗೋ ಹೈದರಾಬಾದಿಗೋ ಹೋಗುತ್ತಾರಲ್ಲ, ಅವರು ಒಂದನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕರ್ನಾಟಕದಲ್ಲಿ ಓದಿದ ವರ್ಷ ಎಣಿಸಿಕೊಳ್ಳಬೇಕು. ಓದಿನ ಆಧಾರದ ಅರ್ಹತೆಗೆ ಕನಿಷ್ಠ ಎಷ್ಟು ವರ್ಷ ಬೇಕೆಂದು ಕೆಇಎ ಮಾಹಿತಿ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

ಸರ್ಕಾರಿ ಕಾಲೇಜುಗಳ 15% ಸೀಟು ಅಖಿಲ ಭಾರತ ಕೋಟಾಕ್ಕೆ. ಅದನ್ನು ತುಂಬುವುದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ). ನೋಂದಣಿ ಬೇರೆ, ‘ಎಚ್’ ಅಲ್ಲಿ ನಡೆಯದು. ರಾಜ್ಯದ ಹಿಂದುಳಿದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಒಬಿಸಿ ಪಟ್ಟಿಯಲ್ಲೂ ಇರುತ್ತೀರಿ ಎಂದೇನಿಲ್ಲ. ಪಾಲಕರು ಇಎಸ್‌ಐ (ನೌಕರರ ರಾಜ್ಯ ವಿಮೆ) ವಿಮಾದಾರರಾಗಿದ್ದರೆ ಕಲಬುರಗಿಯ ಇಎಸ್‌ಐಸಿ ಕಾಲೇಜಿನಲ್ಲಿ ಅವರ ಮಕ್ಕಳಿಗೇ ಇಟ್ಟ ಕೋಟಾ ಮರೆಯಬೇಡಿ.

ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವಾಗ, ‘ಇದು ನಮಗೆ ಸಿಗಲಿಕ್ಕಿಲ್ಲ’ ಎಂದು ಬಯಸಿದ ಕಾಲೇಜನ್ನು ಕೆಳಗೆ ಹಾಕಬೇಡಿ. ಮೇಲಿಟ್ಟದ್ದು ಸಿಗದಿದ್ದರೆ ಮುಂದಿನದಕ್ಕೆ ನಿಮ್ಮ ಹಕ್ಕು ಹಾಗೇ ಇರುತ್ತದೆ. ಸೀಟು ಸಿಕ್ಕ ಮೇಲೆ ಚಾಯ್ಸ್ 2 ಕೊಟ್ಟರೆ ಆ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗಬಹುದು. ಚಾಯ್ಸ್ 3 ಕೊಟ್ಟರೆ ಕೈಲಿದ್ದ ಸೀಟು ಬಿಟ್ಟಂತೆ.