ಹಾರ್ನ್ ಬೇಸ್ ಬಾಕ್ಸ್: ಹಲಗೆ ಅಳೆಯದೆ ಗೆರೆ ಎಳೆಯಬೇಡಿ

ಮೊನ್ನೆ ಕಂಪ್ಯೂಟರ್ ಚಿತ್ರದಂತೆ ಮರ ಕತ್ತರಿಸುವ ಸಿಎನ್‌ಸಿ ಮೆಷಿನ್ನಿನ ಅಂಗಡಿಗೆ ಹೋದಾಗ, ಶಾಮಿಯಾನ ಮತ್ತು ಸೌಂಡ್ಸ್ ನಡೆಸುವ ಹುಡುಗನೊಬ್ಬ ಎರಡು ಹಲಗೆ ಮುಂದಿಟ್ಟುಕೊಂಡು ತಲೆ ಮೇಲೆ ಕೈಹೊತ್ತು ಕೂತಿದ್ದ. ಒಂದು ಹಲಗೆ ಹಾರ್ನ್ ಬೇಸ್ ಬಾಕ್ಸಿನ ಎಡಪಕ್ಕಕ್ಕೆ, ಇನ್ನೊಂದು ಬಲಪಕ್ಕಕ್ಕೆ ಬರಬೇಕಿತ್ತು. ಎರಡೂ ಎಡದ್ದೇ ಆಗಿದ್ದವು. ಗ್ರೂವ್, ಅಂದರೆ ಒಳಹಲಗೆ ಕೂರುವ ಉದ್ದ ಕಚ್ಚು, ಕೊರೆದ ಮುಖ ಒಳಗೆ ಬರಬೇಕಾದರೆ ಒಂದು ಹಲಗೆ ಇನ್ನೊಂದರ ಕನ್ನಡಿ ಬಿಂಬವಾಗಿರಬೇಕು. ಅವನು ಕಂಪ್ಯೂಟರಿನಲ್ಲಿ ಒಂದನ್ನೇ ಎರಡು ಸಲ ಕಾಪಿ ಮಾಡಿದ್ದ. ಹಲಗೆಯ ದುಡ್ಡೂ ಹೋಯಿತು, ಮೆಷಿನ್ ಬಾಡಿಗೆಯೂ ಹೋಯಿತು. ಇಂಥವನ್ನು ನೋಡಿ ನೋಡಿ ಮನಸ್ಸು ತಡೆಯದೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

ಕಹಳೆ ಊದುವವರ ತುಟಿಯ ಸಣ್ಣ ಅದುರು ಇಡೀ ಬೀದಿಗೆ ಕೇಳುತ್ತದೆ, ಕೊಳವೆ ಹಂತಹಂತವಾಗಿ ಅಗಲವಾಗುತ್ತ ಹೋಗುವುದರಿಂದ. ಹಾರ್ನ್ ಬಾಕ್ಸ್ ಮಾಡುವುದೂ ಇದನ್ನೇ. ಮಾಮೂಲಿ ಬೇಸ್ ಬಾಕ್ಸಿಗೆ ನೂರು ವ್ಯಾಟ್ ಕೊಟ್ಟರೆ ಎರಡು ಮೂರು ವ್ಯಾಟ್ ಮಾತ್ರ ಶಬ್ದವಾಗುತ್ತದೆ, ಉಳಿದದ್ದು ಕಾಯಿಲ್ ಬಿಸಿ ಮಾಡಿ ಮುಗಿಯುತ್ತದೆ. ಸರಿಯಾಗಿ ಕಟ್ಟಿದ ಹಾರ್ನ್ ಅದರ ಹಲವು ಪಟ್ಟು ಕೊಡುತ್ತದೆ.

15 ಇಂಚಿನ ಒಂದು ಡ್ರೈವರ್ (ಬಾಕ್ಸಿನೊಳಗೆ ಕೂರುವ ಸ್ಪೀಕರ್), 50 ಹರ್ಟ್ಜ್‌ವರೆಗೆ ಇಳಿಯುವ ಹಾರ್ನ್ ಎಂದುಕೊಳ್ಳೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 345 ಮೀಟರ್ ಹಿಡಿದರೆ, ಎಕ್ಸ್‌ಪೊನೆನ್ಷಿಯಲ್ ಹಾರ್ನಿನ ವಿಸ್ತೀರ್ಣ ಪ್ರತಿ 38 ಸೆಂ.ಮೀ.ಗೆ ಇಮ್ಮಡಿಯಾಗಬೇಕು. ಗಂಟಲು, ಅಂದರೆ ಡ್ರೈವರ್ ಕಡೆಯ ಕಿರಿದಾದ ತುದಿ, 400 ಚದರ ಸೆಂ.ಮೀ. ಇಟ್ಟರೆ ಅಲ್ಲಿಂದ 38 ಸೆಂ.ಮೀ. ದೂರದಲ್ಲಿ 800, 76ರಲ್ಲಿ 1600, 114ರಲ್ಲಿ 3200. ಶಬ್ದ ಹೊರಬರುವ ಬಾಯಿ ಎಷ್ಟಿರಬೇಕು? ನೆಲದ ಮೇಲಿಟ್ಟ ಹಾರ್ನಿಗೆ ಸುಮಾರು 1.9 ಚದರ ಮೀಟರ್. ಇಷ್ಟು ದೊಡ್ಡದನ್ನು ಯಾವ ಟೆಂಪೊಗೆ ಹತ್ತಿಸುತ್ತೀರಿ? ಅದಕ್ಕೇ ನಾಲ್ಕು ಬಾಕ್ಸ್ ಮಾಡಿ ಒತ್ತಾಗಿ ಜೋಡಿಸುವುದು. ಒಂದೊಂದರ ಬಾಯಿ 0.47 ಚದರ ಮೀಟರ್, ಅಂದರೆ ಒಳಗೆ 60 ಸೆಂ.ಮೀ. ಅಗಲ, 78 ಎತ್ತರ. ಗಂಟಲಿನಿಂದ ಬಾಯಿಯವರೆಗೆ ದಾರಿ 135 ಸೆಂ.ಮೀ., ಬಾಕ್ಸಿನೊಳಗೆ ಹಿಡಿಸಲು ಅದನ್ನು ಮಡಚಬೇಕು. ಒಂದೇ ಬಾಕ್ಸ್ ಮಾಡಿ ಬಯಲಲ್ಲಿಟ್ಟು ‘ಬೇಸೇ ಇಲ್ಲ’ ಅನ್ನುವವರು ಬಹಳ ಮಂದಿ. ಅದನ್ನೇ ಕೋಣೆಯ ಮೂಲೆಗಿಟ್ಟು ಕೇಳಿ: ಎರಡು ಗೋಡೆ, ಒಂದು ನೆಲ ಸೇರಿ ಉಳಿದ ಮೂರು ಬಾಕ್ಸಿನ ಕೆಲಸ ಮಾಡುತ್ತವೆ. ಅಮೆರಿಕದ ಅರ್ಕನ್ಸಾಸ್‌ನ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಶ್ 1946ರಲ್ಲಿ ಕಂಪನಿ ಕಟ್ಟಿದ್ದು ಇಂಥದೇ ಮೂಲೆ ಹಾರ್ನನ್ನು ನಂಬಿಕೊಂಡು.

ಹಾರ್ನ್ ಲೆಕ್ಕ ಹಾಕಿಕೊಡುವ, ಡೇವಿಡ್ ಮೆಕ್‌ಬೀನ್ ಅವರ ಹಾರ್ನ್‌ರೆಸ್ಪ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಡ್ರೈವರಿನ ಅಂಕಿಗಳನ್ನು ಅದರಲ್ಲಿ ತುಂಬಿ, ಡ್ರೈವರಿನ ಬೆನ್ನ ಹಿಂದೆ ಬರುವ ಮುಚ್ಚಿದ ಕೋಣೆ ಎಷ್ಟು ಲೀಟರ್ ಇರಬೇಕೆಂದು ನೋಡಿಕೊಳ್ಳಿ. ‘2000 ವ್ಯಾಟ್’ ಎಂಬ ಸ್ಟಿಕ್ಕರ್ ಬಿಟ್ಟರೆ ಬೇರೆ ಅಂಕಿಯೇ ಇಲ್ಲದ ಡ್ರೈವರ್‌ಗಳು ಮಾರುಕಟ್ಟೆಯಲ್ಲಿ ತುಂಬಿವೆ. ಅವನ್ನು ಕೊಳ್ಳಲೇಬೇಡಿ. ಅಂಕಿಯಿಲ್ಲದೆ ಲೆಕ್ಕವಿಲ್ಲ, ಲೆಕ್ಕವಿಲ್ಲದೆ ಹಾರ್ನಿಲ್ಲ.

ಗೆರೆ ಎಳೆಯುವುದು

ಚಿತ್ರ ಬರೆಯಲು ಫ್ರೀಕ್ಯಾಡ್ ಎಂಬ ತಂತ್ರಾಂಶ ಸಾಕು. ಹಾರ್ನಿನ ಒಳ ಅಗಲ ಉದ್ದಕ್ಕೂ 60 ಇರುವುದರಿಂದ ವಿಸ್ತೀರ್ಣವನ್ನು 60ರಿಂದ ಭಾಗಿಸಿದರೆ ಆಯಾ ಜಾಗದ ಸಂದಿ ಸಿಗುತ್ತದೆ. ಗಂಟಲಲ್ಲಿ 6.7 ಸೆಂ.ಮೀ., 76ರಲ್ಲಿ 26.7. ಮಡಚಿದ ದಾರಿಯ ನಡುಗೆರೆ ಎಳೆದು, ಅದರ ಮೇಲೆ ಹತ್ತು ಸೆಂ.ಮೀ.ಗೊಂದರಂತೆ ಅಷ್ಟಷ್ಟು ಅಡ್ಡಳತೆಯ ವೃತ್ತ ಹಾಕಿ, ವೃತ್ತಗಳಿಗೆ ತಾಗುವಂತೆ ಹಲಗೆ ಇಡಿ. ಮಡಚುವಲ್ಲಿ ಉದ್ದವನ್ನು ನಡುಗೆರೆಯ ಮೇಲೇ ಅಳೆಯಬೇಕು, ಹಲಗೆಯ ಮೇಲಲ್ಲ. ಬಾಯಿಯ ಹತ್ತಿರ ಅರ್ಧ ಸೆಂ.ಮೀ. ಆಚೀಚೆಯಾದರೆ ಕಿವಿಗೆ ಗೊತ್ತೇ ಆಗದು. ಗಂಟಲಲ್ಲಿ ಅದೇ ಅರ್ಧ ಸೆಂ.ಮೀ. ಎಂದರೆ ನೂರಕ್ಕೆ ಏಳರಷ್ಟು ವ್ಯತ್ಯಾಸ.

ದಪ್ಪ, ಗ್ರೂವ್, ಮತ್ತೆ ದಪ್ಪ

ಬಹುತೇಕ ಬಾಕ್ಸ್‌ಗಳು ಕೆಡುವುದು ಇಲ್ಲಿಯೇ, ನಿಧಾನವಾಗಿ ಓದಿ.

ಅಂಗಡಿಯಲ್ಲಿ ‘18 ಎಂಎಂ’ ಎಂದು ಕೊಡುವ ಪ್ಲೈ 18 ಇರುವುದು ಅಪರೂಪ. ನನ್ನ ಕ್ಯಾಲಿಪರ್‌ಗೆ 17.2 ಬಂದದ್ದಿದೆ, 17.8 ಬಂದದ್ದಿದೆ. ಒಂದೇ ಷೀಟಿನ ಎರಡು ತುದಿಯಲ್ಲಿ ಬೇರೆ ಬೇರೆ ಬಂದದ್ದೂ ಇದೆ. ಚಿತ್ರದಲ್ಲಿ 18 ಎಂದು ಬರೆದು ಗ್ರೂವ್ ಕೊರೆಸಿದರೆ, 17.2ರ ಹಲಗೆ ಅದರಲ್ಲಿ ಸಡಿಲ ಹಲ್ಲಿನಂತೆ ಅಲ್ಲಾಡುತ್ತದೆ. ಆ ಸಂದಿಯಲ್ಲಿ ಗಾಳಿ ಸೋರುತ್ತದೆ. ಬೇಸ್ ನುಡಿಯುವಾಗ ಒಳಗೆ ಒತ್ತಡ ಎಷ್ಟಿರುತ್ತದೆಂದರೆ ಕೂದಲೆಳೆಯಷ್ಟು ಸಂದಿಯೂ ಸಿಳ್ಳೆ ಹಾಕುತ್ತದೆ.

ಹಾಗಾಗಿ ಪ್ಲೈ ಮನೆಗೆ ಬಂದ ಮೇಲೆಯೇ ಚಿತ್ರ ಮುಗಿಸಿ. ಪ್ರತಿ ಷೀಟಿನ ನಾಲ್ಕು ಅಂಚಲ್ಲೂ ಎರಡೆರಡು ಕಡೆ ಅಳೆದು ಷೀಟಿನ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯಿರಿ. ಫ್ರೀಕ್ಯಾಡ್‌ನಲ್ಲಿ ಒಂದು ಸ್ಪ್ರೆಡ್‌ಶೀಟ್ ತೆರೆದು ‘ದಪ್ಪ’ ಎಂಬ ಒಂದೇ ಅಂಕಿ ಇಡಿ. ಎಲ್ಲ ಗ್ರೂವ್, ಎಲ್ಲ ಹಲಗೆಯ ಉದ್ದ ಅದನ್ನೇ ನೋಡಿಕೊಂಡು ಬದಲಾಗುವಂತೆ ಕಟ್ಟಿ. 18ನ್ನು ಕೈಯಾರೆ ನಲವತ್ತು ಕಡೆ ಬರೆದವರು ಅದನ್ನು ತಿದ್ದುವಾಗ ಮೂವತ್ತೊಂಬತ್ತು ಕಡೆ ಮಾತ್ರ ತಿದ್ದುತ್ತಾರೆ.

ಆಮೇಲೆ ತುಂಡು ಪ್ಲೈ ಮೇಲೆ ಪರೀಕ್ಷೆ. ನಿಮ್ಮ ಹಲಗೆ 17.4 ಇದ್ದರೆ 17.4, 17.5, 17.6, 17.8 ಅಗಲದ ನಾಲ್ಕು ಗ್ರೂವ್‌ಗಳನ್ನು 6 ಮಿ.ಮೀ. ಆಳಕ್ಕೆ ಕೊರೆಸಿ. ಬಾಕ್ಸ್ ಕತ್ತರಿಸುವ ಅದೇ ಮೆಷಿನ್, ಅದೇ ಬಿಟ್ (ಮೆಷಿನ್ನಿನ ಕೊರೆಯುವ ಅಲಗು) ಆಗಿರಬೇಕು, ಏಕೆಂದರೆ ಸವೆದ 6 ಮಿ.ಮೀ. ಬಿಟ್ ನಿಜವಾಗಿ 5.9 ಆಗಿರಬಹುದು. ಹಲಗೆಯ ಚೂರನ್ನು ಒಂದೊಂದರಲ್ಲೂ ಕೂರಿಸಿ ನೋಡಿ. ಅಂಗೈಯಿಂದ ಒತ್ತಿದರೆ ಕೂರಬೇಕು, ತಲೆಕೆಳಗೆ ಹಿಡಿದರೆ ಬೀಳಬಾರದು. ಸುತ್ತಿಗೆ ಬೇಕಾದರೆ ಅದು ಬಿಗಿಯಾಯಿತು, ಅಂಟು ಹಚ್ಚಿದಾಗ ಮರ ಉಬ್ಬಿ ಒಳಗೇ ಇಳಿಯದು. ನನಗೆ ಸರಿಹೊಂದುವುದು ಹಲಗೆಗಿಂತ 0.2 ಹೆಚ್ಚು. ಈ ಪರೀಕ್ಷೆಗೆ ಹತ್ತು ನಿಮಿಷ. ಬಿಡಬೇಡಿ.

ಗ್ರೂವಿನ ತುದಿ ಬಿಟ್‌ನಷ್ಟೇ ಗುಂಡಾಗಿರುತ್ತದೆ, ಹಲಗೆಯ ಮೂಲೆ ಚೌಕ. ಚಿತ್ರದಲ್ಲೇ ಮೂಲೆಗೊಂದು ಸಣ್ಣ ಗುಂಡು ಕಚ್ಚು ಕೊಡಿ. ಉಳಿ ಹಿಡಿದು ಆಮೇಲೆ ಕೆತ್ತುತ್ತೇನೆ ಅನ್ನುವವರು ನಾಲ್ಕನೇ ಮೂಲೆಗೇ ಸುಸ್ತಾಗುತ್ತಾರೆ.

ಪ್ಲೈ ವಿಷಯದಲ್ಲಿ ನನ್ನದು ಒಂದೇ ಮಾತು: ಐಎಸ್ 710 ಗುರುತಿನ ಮೆರೈನ್ ಪ್ಲೈ ತನ್ನಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಭಾರ, ಮಳೆಗಾಲದ ಒಂದು ಕಾರ್ಯಕ್ರಮಕ್ಕೇ ಅಂಚು ಉಬ್ಬುತ್ತದೆ. ಅಗ್ಗದ ಪ್ಲೈ ಒಳಪದರದಲ್ಲಿ ಪೊಳ್ಳು ಇರುತ್ತದೆ, ಅದು ಬೇಸ್ ನುಡಿಯುವಾಗ ಗಿಲಿಗಿಲಿ ಅನ್ನುತ್ತದೆ. ಕೊಳ್ಳುವ ಮೊದಲು ಬೆರಳ ಗೆಣ್ಣಿಂದ ಷೀಟಿನುದ್ದಕ್ಕೂ ತಟ್ಟಿ ಕೇಳಿ. ಪೊಳ್ಳಿದ್ದಲ್ಲಿ ಸದ್ದು ಬದಲಾಗುತ್ತದೆ.

ಮೆಷಿನ್ ಮುಂದೆ

ಈಗ ಸಣ್ಣ ಊರಿನಲ್ಲೂ ಸಿಎನ್‌ಸಿ ರೂಟರ್ ಇದೆ. ದೇವರಮನೆ ಬಾಗಿಲಿಗೆ ಹೂಬಳ್ಳಿ ಕೆತ್ತುವ ಮೆಷಿನ್ನೇ ನಿಮ್ಮ ಬಾಕ್ಸನ್ನೂ ಕತ್ತರಿಸುತ್ತದೆ. ಆದರೆ ಕೆತ್ತನೆಯಲ್ಲಿ ಅರ್ಧ ಮಿ.ಮೀ. ಯಾರ ಕಣ್ಣಿಗೂ ಬೀಳದು, ಇಲ್ಲಿ ಬೀಳುತ್ತದೆ. ಆಪರೇಟರ್ ಪಕ್ಕದಲ್ಲಿ ನೀವೇ ನಿಂತಿರಿ. ಮೆಷಿನ್ನಿಗೆ ಕೊಡುವ ಚಿತ್ರದ ಡಿಎಕ್ಸ್‌ಎಫ್ ಫೈಲಿನ ಮೂಲೆಯಲ್ಲಿ 100 ಮಿ.ಮೀ. ಚೌಕವೊಂದನ್ನು ಬರೆದಿಡಿ. ಅವರ ಪರದೆಯಲ್ಲಿ ಅದು ನೂರೇ ಬಂದರೆ ಇಂಚು-ಮಿ.ಮೀ. ಗೊಂದಲವಿಲ್ಲ. ಗ್ರೂವ್ ಒಂದು ಲೇಯರ್, ಆರುಪಾರು ಕತ್ತರಿಸುವುದು ಇನ್ನೊಂದು. ಮೊದಲು ಗ್ರೂವ್, ಕೊನೆಗೆ ಹೊರಗಿನ ಕಟ್ಟು. ಬಾಗಿದ ಷೀಟನ್ನು ಅಂಚಲ್ಲಷ್ಟೇ ಸ್ಕ್ರೂ ಹಾಕಿ ಹಿಡಿದರೆ ನಡುವೆ ಎದ್ದು ಗ್ರೂವ್ ಆಳವಾಗುತ್ತದೆ, ನಡುವೆಯೂ ಹಿಡಿಸಿ. ಮಾಸ್ಕ್ ಹಾಕಿಕೊಳ್ಳಿ.

ಪಕ್ಕದ ಹಲಗೆಗಳನ್ನು ಮಿರರ್ ಮಾಡಿದ್ದೀರಾ? ಮೆಷಿನ್ ಶುರುವಾಗುವ ಮೊದಲು ಇನ್ನೊಮ್ಮೆ ನೋಡಿ.

ಕೂಡಿಸುವುದು

ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ, ಮೂಲೆಮಟ್ಟ ಹಿಡಿದು ನೋಡಿ, ಬಿಚ್ಚಿ. ಆಮೇಲೆ ಒಂದು ಪಕ್ಕದ ಹಲಗೆಯನ್ನು ಗ್ರೂವ್ ಮೇಲೆ ಬರುವಂತೆ ಮಲಗಿಸಿ, ನೀರು ತಡೆಯುವ ಬಿಳಿ ಅಂಟು ಹಚ್ಚಿ ಒಳಹಲಗೆಗಳನ್ನು ನಿಲ್ಲಿಸಿ. ಓರೆಯಾಗಿ ಸೇರುವ ಹಲಗೆಗಳ ಅಂಚನ್ನು ಸಾದಾ ರೂಟರ್ ಓರೆಯಾಗಿ ಕತ್ತರಿಸದು. ಅವನ್ನು ಟೇಬಲ್ ಗರಗಸದಲ್ಲಿ ಕತ್ತರಿಸಿಕೊಳ್ಳಿ, ಉಳಿದ ಸಂದಿಗೆ ಪಿಯು (ಪಾಲಿಯುರೆಥೇನ್) ಅಂಟು. ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ಹಿಡಿಯದು. ಎರಡನೇ ಪಕ್ಕ ಮುಚ್ಚುವ ಮೊದಲು ಕೈ ಎಟುಕುವ ಎಲ್ಲ ಒಳಮೂಲೆಗೂ ಬೆರಳಿಂದ ಅಂಟು ಸವರಿ. ಹಿಂದಿನ ಕೋಣೆಯ ಮುಚ್ಚಳದ ಕಿಂಡಿ 40 ಸೆಂ.ಮೀ.ಗಿಂತ ದೊಡ್ಡದಿರಲಿ. ಬಾಕ್ಸೆಲ್ಲ ಅಂಟಿಸಿದ ಮೇಲೆ ಡ್ರೈವರ್ ಒಳಗೆ ಹೋಗದೆ ಗರಗಸ ಹಿಡಿದವರನ್ನು ಕಂಡಿದ್ದೇನೆ. ಮುಚ್ಚಳದ ಸುತ್ತ ಫೋಮ್ ಪಟ್ಟಿ, ಮರದ ಸ್ಕ್ರೂ ಬದಲು ಟೀ-ನಟ್ (ಮರದಲ್ಲಿ ಹುದುಗುವ ನಟ್) ಮತ್ತು ಬೋಲ್ಟ್.

ಒಂದು ದಿನ ಒಣಗಲು ಬಿಡಿ. ಡ್ರೈವರ್ ಕೂರಿಸಿ, ಮುಚ್ಚಳ ಬಿಗಿದು, 40 ಹರ್ಟ್ಜ್‌ನ ಟೋನ್ ಸಣ್ಣ ದನಿಯಲ್ಲಿ ನುಡಿಸಿ. ಫ್ಯಾನ್ ಆರಿಸಿ ಊದುಬತ್ತಿ ಹಚ್ಚಿ, ಹಿಂದಿನ ಕೋಣೆಯ ಒಂದೊಂದು ಕೀಲಿನ ಉದ್ದಕ್ಕೂ ನಿಧಾನವಾಗಿ ಒಯ್ಯಿರಿ. ಸೋರುವ ಜಾಗದಲ್ಲಿ ಹೊಗೆಯ ಎಳೆ ಪಟಪಟ ನಡುಗುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಅಂಟು ತುಂಬಿ, ಮರುದಿನ ಮತ್ತೆ ಬತ್ತಿ ಹಿಡಿಯಿರಿ. ಹೊಗೆ ಎಲ್ಲ ಕಡೆಯೂ ನೆಟ್ಟಗೆ ಏರಿದ ಮೇಲೆ ಉಪ್ಪುಕಾಗದ ಉಜ್ಜಿ ಕಪ್ಪು ಬಣ್ಣ ಹೊಡೆಯಿರಿ.